ಐನೂರು ಶುಭೋದಯ

ನಮ್ಮ ಎಳೆಮಕ್ಕಳ ತಾಯಂದಿರ ಆನ್‌ಲೈನ್ ಗುಂಪನ್ನು ಆಳುವವರು ಒಬ್ಬ ನಿವೃತ್ತ ಹೆಡ್‌ಗುಮಾಸ್ತರು. ಸೊಸೆ ಕಟ್ಟಿದ ಗುಂಪಿಗೆ ಮಂಡಳಿ ಮಾಡಿ, ಐನೂರು ಸಂದೇಶ ಹಾಕಿದವರಿಗಷ್ಟೇ ಆ ಮಂಡಳಿಯಲ್ಲಿ ಜಾಗ ಎಂದರು. ಮಂಡಳಿ ಒಪ್ಪದೆ ಯಾರ ಪ್ರಶ್ನೆಯೂ ಗುಂಪಿನಲ್ಲಿ ಕಾಣುವುದಿಲ್ಲ. ಮಗುವಿನ ಜ್ವರದ ಬಗ್ಗೆ ಬೆಳಿಗ್ಗೆ ನಾನು ಕೇಳಿದ್ದು ಮಧ್ಯಾಹ್ನವಾದರೂ ಹಾಗೇ ಕೂತಿತ್ತು. ಹೆಡ್‌ಗುಮಾಸ್ತರಿಗೇ ಫೋನ್ ಮಾಡಿದೆ.

“ಅಂಕಲ್, ನಮ್ಮ ಗುಂಪಿನಲ್ಲಿರೋ ನರ್ಸ್ ಅಕ್ಕನ್ನ ಮಂಡಳಿಗೆ ಸೇರಿಸ್ಕೊಳ್ಳಿ.”

“ಅವರದು ಬರೀ ನಲವತ್ತು ಸಂದೇಶ ನೋಡಮ್ಮ.”

“ನಲವತ್ತೂ ಮಕ್ಕಳ ಆರೋಗ್ಯದ್ದು. ನಿಮ್ಮ ಮಂಡಳಿಯವರದು ಐನೂರೂ ಶುಭೋದಯದ ಹೂವು.”

“ಹೂವಾದ್ರೇನು, ಲೆಕ್ಕಕ್ಕೆ ಬರುತ್ತೆ.”

ಮೂವತ್ತು ವರ್ಷ ಕಡತಗಳ ಪುಟಕ್ಕೆ ನಂಬರ್ ಹಾಕಿದ ಮನುಷ್ಯ. ಪುಟದಲ್ಲಿ ಏನಿದೆಯೆಂದು ಎಂದೂ ಓದಿರಲಿಕ್ಕಿಲ್ಲ.

ಮಗುವನ್ನು ಡಾಕ್ಟರಿಗೆ ತೋರಿಸಿ, ಔಷಧಿ ಕುಡಿಸಿ ಮಲಗಿಸುವ ಹೊತ್ತಿಗೆ ಸಂಜೆಯಾಯಿತು. ಆಗ ನನ್ನ ಪ್ರಶ್ನೆಗೆ ಒಪ್ಪಿಗೆ ಸಿಕ್ಕಿತ್ತು. ಅದರ ಕೆಳಗೆ ಮಂಡಳಿಯ ಉತ್ತರವೂ ಇತ್ತು: ಒಂದು ಗುಲಾಬಿ, ಶುಭೋದಯ.