ಮಗು ಹೇಳಿದ್ದು, ಅಕ್ಕ ಬರೆದದ್ದು

ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗುವ ಕೆಲಸ ನನ್ನದು. ಒಳಗೆ ಸಾಕ್ಷಿಗಳು ಹೇಳಿದ್ದನ್ನು ಟೈಪ್ ಮಾಡುವ ಕೆಲಸ ಅಕ್ಕನದು. ನಾವೇನು ಒಡಹುಟ್ಟಿದವರಲ್ಲ, ಜಡ್ಜರೊಬ್ಬರನ್ನು ಬಿಟ್ಟರೆ ಅಲ್ಲಿ ಎಲ್ಲರಿಗೂ ಅವರು ಅಕ್ಕನೇ. ಜಡ್ಜರು ಬಂದರು, ಹೋದರು. ಅಕ್ಕ ಮಾತ್ರ ಕಿಟಕಿ ಪಕ್ಕದ ಮೇಜು ಬಿಟ್ಟು ಕದಲಿದವರಲ್ಲ.

ಅವರಿಗೊಂದು ಅಭ್ಯಾಸವಿತ್ತು. ಸಾಕ್ಷಿಕಟ್ಟೆ ಹತ್ತಿದ ಜನ ಬಾಯಿಗೆ ಬಂದದ್ದನ್ನು ಹೇಳುತ್ತಾರೆ, ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು. ಅಕ್ಕನ ಕೈ ದಾಟಿದ ಮೇಲೆ ಅದು ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಎಂದಾಗುತ್ತಿತ್ತು. ಹೆಣ್ಣುಮಕ್ಕಳಿಗೆ ಆದದ್ದೆಲ್ಲ ‘ಅಸಭ್ಯ ವರ್ತನೆ’. ಹೇಳಿಕೆಯನ್ನು ಕೊನೆಗೆ ಸಾಕ್ಷಿಯೆದುರೇ ಗಟ್ಟಿಯಾಗಿ ಓದುತ್ತಾರಲ್ಲ, ಆಗ ಆ ಜೀವ ತಲೆ ತಗ್ಗಿಸಬಾರದು ಎಂಬ ಕಾಳಜಿ ಅವರದು. ಜಡ್ಜರಿಗೂ ಅದೇ ಹಿತವಾಗಿತ್ತು. ‘ನೀವೇ ಸ್ವಲ್ಪ ಸರಿ ಮಾಡಿ ಹಾಕ್ಕೊಳ್ಳಿ ಅಮ್ಮ’ ಎಂದು ಚಾವಣಿ ನೋಡುತ್ತಿದ್ದರು. ಅಕ್ಕನ ಯಜಮಾನರು ದರ್ಜಿ. ‘ನಾನು ಹರಿದ ಬಟ್ಟೆಗೆ ತೇಪೆ ಹಾಕ್ತೀನಿ, ಇವಳು ಹರಿದ ಮಾತಿಗೆ ಹಾಕ್ತಾಳೆ. ಇಬ್ಬರಿಗೂ ಕೂಲಿ ಕಮ್ಮಿ’ ಎಂದು ನಗಿಸುತ್ತಿದ್ದರು.

ಆಮೇಲೆ ಮಕ್ಕಳಿಗಾಗಿ ಹೊಸ ಕಾನೂನು ಬಂತು. ಹಳೆಯದರಲ್ಲಿ ಎಲ್ಲಕ್ಕೂ ಒಂದೇ ಮುಸುಕು. ಹೊಸದರಲ್ಲಿ ಒಂದೊಂದು ಕೃತ್ಯಕ್ಕೂ ಬೇರೆ ಹೆಸರು, ಬೇರೆ ಶಿಕ್ಷೆ; ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆಯಬೇಕೆಂಬ ಕಟ್ಟಳೆ. ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಕೂರಿಸಿ, ಟೀ ಕೊಟ್ಟು, ತಿಳಿಸಿಯೂ ಹೇಳಿದರು. ಎಲ್ಲರೂ ತಲೆಯಾಡಿಸಿದೆವು. ತಲೆಯಾಡಿಸಲು ಯಾರ ಅಪ್ಪನ ಗಂಟು ಹೋಗಬೇಕು?

ಟ್ಯೂಷನ್ ಮೇಷ್ಟ್ರೊಬ್ಬನ ಮೇಲಿನ ಕೇಸು ಬಂದಾಗ ಆ ಹುಡುಗಿಗೆ ಏಳು ವರ್ಷ. ಮೇಷ್ಟ್ರು ಕಾಣಿಸದಂತೆ ಪರದೆ ಕಟ್ಟಿದ್ದೆವು. ತಾಯಿಯ ಸೆರಗು ಹಿಡಿದು ಮಗು, ತನಗೆ ಏನಾಯಿತೆಂದು ಮನೆಯಲ್ಲಿ ಆಡುವ ಪುಟ್ಟ ಮಾತುಗಳಲ್ಲೇ ಹೇಳಿತು, ಒಂಚೂರೂ ತಡವರಿಸದೆ. ಆ ಮಾತುಗಳನ್ನು ನಾನೂ ಇಲ್ಲಿ ಬರೆಯುತ್ತಿಲ್ಲ. ಆದರೆ ನನ್ನದು ಕೋರ್ಟಿನ ಕಾಗದವಲ್ಲ. ಅಕ್ಕನ ಕಣ್ಣು ತುಂಬಿತ್ತು. ಕೈ ಮಾತ್ರ ತನ್ನ ಹಳೇ ಚಾಳಿಯಂತೆ ಓಡಿತು. ‘ಆರೋಪಿಯು ನನ್ನೊಂದಿಗೆ ಅಸಭ್ಯವಾಗಿ ವರ್ತಿಸಿದರು.’ ಓದಿ ಹೇಳಿದಾಗ ಮಗು ಏನೂ ಅರ್ಥವಾಗದೆ ಹೂಂಗುಟ್ಟಿತು. ಜಡ್ಜರು ಸಹಿ ಹಾಕಿದರು.

ಅವರು ಮಗುವಿನ ಮಾತನ್ನು ಕಿವಿಯಾರೆ ಕೇಳಿದ್ದರು, ದೊಡ್ಡ ಶಿಕ್ಷೆಯನ್ನೇ ಕೊಟ್ಟರು. ಮೇಷ್ಟ್ರು ಮೇಲಿನ ಕೋರ್ಟಿಗೆ ಹೋದ. ಅಲ್ಲಿ ಮಗು ಇರುವುದಿಲ್ಲ, ಕಾಗದ ಇರುತ್ತದೆ. ಏಳು ವರ್ಷದ ಕೂಸು ‘ಆರೋಪಿಯು’ ಅನ್ನುತ್ತದೆಯೇ, ಇದು ಯಾರೋ ಹೇಳಿಕೊಟ್ಟ ಪಾಠ, ಮೇಲಾಗಿ ದೊಡ್ಡ ಶಿಕ್ಷೆಗೆ ಬೇಕಾದ ಕೃತ್ಯದ ಸುಳಿವೇ ಇದರಲ್ಲಿಲ್ಲ ಎಂದು ಅವನ ವಕೀಲ ವಾದಿಸಿದ. ಮೇಷ್ಟ್ರಿಗೆ ಜಾಮೀನು ಸಿಕ್ಕಿತು.

ಮಾರನೇ ವಾರ ತಾಯಿ ನಮ್ಮ ಕೋರ್ಟಿಗೆ ಬಂದಳು. ನೇರ ಅಕ್ಕನ ಮೇಜಿನ ಮುಂದೆ ನಿಂತಳು.

‘ನಾನು ತಪ್ಪು ಹೇಳಿದ್ನಾ ಅಮ್ಮ ಅಂತ ಮಗಳು ದಿನಾ ಕೇಳ್ತಾಳೆ. ಅವನು ನಮ್ಮ ಬೀದೀಲೇ ಓಡಾಡ್ತಾನೆ ಮೇಡಂ. ಅವಳಿಗೆ ಏನಂತ ಹೇಳ್ಲಿ?’

‘ಅವಳು ಸರಿಯಾಗೇ ಹೇಳಿದ್ಲಮ್ಮ. ನಾನು ಹಾಗೆ ಬರೀಲಿಲ್ಲ.’

‘ಈ ಮಾತನ್ನ ಮೇಲಿನ ಕೋರ್ಟಿಗೆ ಬಂದು ಹೇಳ್ತೀರಾ?’

ಅಕ್ಕನ ನಿವೃತ್ತಿಗೆ ಇನ್ನೊಂದೇ ವರ್ಷ ಇತ್ತು. ‘ಕೈ ಮುಗಿತೀನಿ ಅಕ್ಕಾ, ಬೇಡ. ಸಹಿ ಹಾಕಿದೋರು ಜಡ್ಜು. ನಿಮಗ್ಯಾಕೆ ಊರ ಉಸಾಬರಿ?’ ಎಂದೆ.

‘ಕೇಳಿಸ್ಕೊಂಡೋಳು ನಾನು ಕಣೋ’ ಎಂದರು.

ಹೋಗಿ ಪ್ರಮಾಣ ಮಾಡಿ ಹೇಳಿಯೇಬಿಟ್ಟರು. ಫಲ ಬೇಗ ಸಿಕ್ಕಿತು: ಅಕ್ಕನಿಗೆ ಅಮಾನತು. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಕ್ಯಾಂಟೀನಿನಲ್ಲಿ ವಕೀಲರು ನಕ್ಕರು. ಅವರ ಲೋಟ ಕಿತ್ತು ಎಸೆಯಬೇಕೆನಿಸಿತು ನನಗೆ. ಮೇಲಿನ ಕೋರ್ಟು ಮಾತ್ರ ಅಕ್ಕನ ಮಾತು ನಂಬಿ, ಮಗುವಿನ ಸಾಕ್ಷಿಯನ್ನು ಹೊಸದಾಗಿ ಬರೆದುಕೊಳ್ಳಿ ಎಂದು ಆದೇಶಿಸಿತು. ಅಕ್ಕ ಬಯಸಿದ್ದೂ ಅದನ್ನೇ.

ಅಷ್ಟರಲ್ಲಿ ಹುಡುಗಿಗೆ ಹತ್ತು ತುಂಬಿತ್ತು. ಮತ್ತೆ ಅವಳ ಹೆಸರು ಕೂಗಲು ನನಗೆ ಬಾಯಿ ಬರಲಿಲ್ಲ, ಹತ್ತಿರ ಹೋಗಿ ಕರೆದೆ. ಉದ್ದವಾಗಿದ್ದಳು, ತಾಯಿಯ ಕೈ ಹಿಡಿಯಲಿಲ್ಲ. ಹೊಸ ಜಡ್ಜಮ್ಮ ಬಹಳ ಮೆತ್ತಗೆ, ಬೇರೆ ಬೇರೆ ರೀತಿಯಲ್ಲಿ ಕೇಳಿದರು. ಊಟದ ಬಿಡುವು ಕೊಟ್ಟು ಮತ್ತೆ ಕೇಳಿದರು. ಹುಡುಗಿ ಮೇಜಿನ ಅಂಚನ್ನೇ ನೋಡುತ್ತಿದ್ದಳು.

ಸಂಜೆ ಅಕ್ಕನ ಮನೆಗೆ ಹೋದೆ. ಬಾಗಿಲಲ್ಲೇ ಕಾಯುತ್ತಿದ್ದರು.

‘ಏನು ಹೇಳಿದ್ಲೋ?’

‘ನಾನು ಆಗ್ಲೇ ಹೇಳಿದ್ನಲ್ಲಾ, ಅಂದ್ಲು.’

‘ಆಮೇಲೆ?’

‘ಅಷ್ಟೇ ಅಕ್ಕಾ. ಬೇರೆ ಏನೂ ಹೇಳ್ಲಿಲ್ಲ.’

ಅಕ್ಕ ಹೊಸ್ತಿಲ ಮೇಲೆ ಕುಳಿತರು. ಕೂತಲ್ಲಿಂದಲೇ ಕೇಳಿದರು:

‘ಅದನ್ನ ಹಾಗೇ ಬರ್ಕೊಂಡ್ರಾ?’

‘ಹೂಂ ಅಕ್ಕಾ. ಒಂದಕ್ಷರ ಬದಲಾಯಿಸ್ಲಿಲ್ಲ.’