ಮೊರದ ತುಂಬ ಖಾಲಿ ತೋಟಾ
ಅಟ್ಟೂರಿನ ಚಿಕ್ಕಹನುಮಯ್ಯನವರು ಸಿಪಾಯಿಗಿರಿಯಿಂದ ನಿವೃತ್ತರಾದರೂ ಮೀಸೆಯಿಂದ ನಿವೃತ್ತರಾಗಿಲ್ಲ. ಯಲಹಂಕದಾಚೆಯ ಗುಂಡಿನ ಮೈದಾನದಲ್ಲಿ ಹಾರಿಸಿದ ಗುಂಡುಗಳ ಖಾಲಿ ತೋಟಾ ಆಯುವುದು ಈಗ ಅವರ ಕೆಲಸ. ಚೀನಾ ಯುದ್ಧವಾದ ಮೇಲೆ ವಿಶೇಷ ಪಡೆಗೆಂದು ಆರಿಸಿ ತಂದ ಹುಡುಗರು ಒಬ್ಬೊಬ್ಬರೂ ದಿನಕ್ಕೆ ಮುನ್ನೂರು ಗುಂಡು ಹಾರಿಸುತ್ತಾರೆ. ಅಷ್ಟರ ತೋಟಾಗಳನ್ನೂ ಇವರು ರಾಗಿ ಕೇರುವ ಮೊರದಲ್ಲಿ ಮಣ್ಣು ಕೇರಿ ಹುಡುಕುತ್ತಾರೆ. "ಈ ಸದ್ದಿಗೆ ಕೋಳಿ ಮೊಟ್ಟೆ ಇಕ್ಕೋದ್ನೇ ಬುಟ್ಟವೆ" ಎಂದು ಹೆಂಡತಿ ಮಾರಮ್ಮ ಗೊಣಗಿದರೆ, "ಗುಂಡು ಸುಡ್ಲಿ ಬುಡೆ, ಇನ್ನೂ ಸುಡ್ಲಿ" ಎನ್ನುತ್ತಾರೆ. ಸಂಜೆ ಮೊರ ತುಂಬಿದಾಗ ಒಂದು ಹಿಡಿ ತೋಟಾ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಾರೆ. ತೋಟಾಗಳ ಲೆಕ್ಕ ಬರೆದುಕೊಳ್ಳುವ ಗುಮಾಸ್ತನಾದ ನಾನು ಯಾಕೆಂದು ಒಮ್ಮೆ ಕೇಳಿದೆ. "ನಮ್ಗೆ ಕಲಿಯೋಕೆ ಐದೇ ಗುಂಡು ಕೊಟ್ಟು ಬರ್ಮಾಕ್ಕೆ ಕಳಿಸಿದ್ರು ಸಾಮಿ. ಊರಿಂದ ಏಳು ಜನ ಓಗಿದ್ವಿ, ನಾನೊಬ್ನೇ ಬಂದೆ." ಮೊರ ಎತ್ತಿ ಸೊಂಟಕ್ಕಿಟ್ಟುಕೊಂಡರು. "ಈ ಮಕ್ಳು ವಾಪಸ್ ಬತ್ತವೆ."