ಲಕ್ಷ್ಮಯ್ಯನ ಜರಡಿ ಮತ್ತು ಕವಡೆಯ ಕುಡಿಕೆ

ನಮ್ಮಪ್ಪ ಲಕ್ಷ್ಮಯ್ಯನ ಬಗ್ಗೆ ಬರೆಯುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಅವನ ಜರಡಿ ಹಿಡಿದು ಹಿಡಿದು ನನ್ನ ರಟ್ಟೆ ಇವತ್ತಿಗೂ ನೋಯುತ್ತದೆ. ನಡುನಡುವೆ ಸಿಟ್ಟು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಪ್ಪ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಲೇತ್ ಓಡಿಸಿದವನು. ನಮ್ಮ ಹಳ್ಳಿಯೂ ಪೀಣ್ಯದ ಮಗ್ಗುಲಿಗೇ ಇದೆ. ಹಳ್ಳಿ ಎಲ್ಲಿ ಮುಗಿಯುತ್ತದೆ, ಶೆಡ್ಡುಗಳು ಎಲ್ಲಿ ಶುರುವಾಗುತ್ತವೆ ಅನ್ನುವುದು ಈಗ ಪೋಸ್ಟ್‌ಮ್ಯಾನಿಗೂ ಗೊತ್ತಿಲ್ಲ. ಅಪ್ಪನಿಗೂ ಅವನ ದೊಡ್ಡಪ್ಪನ ಮಗ ಈರಪ್ಪನಿಗೂ ಹುಟ್ಟಿದಾಗಿನಿಂದ ಒಂದೇ ಜಗಳ: ಇಬ್ಬರಲ್ಲಿ ಹಿರಿಯ ಯಾರು? ಸ್ಕೂಲಿಗೆ ಸೇರಿಸಿಕೊಂಡ ಮೇಷ್ಟ್ರು ಇಬ್ಬರಿಗೂ ಒಂದೇ ತಾರೀಕು ಬರೆದು ಕೈ ತೊಳೆದುಕೊಂಡಿದ್ದರು. ಹಾಗಾಗಿ ಅಣ್ಣ ಅಂತ ಇವನು ಅವನನ್ನು ಕರೆಯಲಿಲ್ಲ, ಅವನು ಇವನನ್ನು ಕರೆಯಲಿಲ್ಲ. ‘ಇವ್ನೇ’, ‘ನೋಡಿಲ್ಲಿ’ ಅಂದುಕೊಂಡೇ ಅರವತ್ತು ವರ್ಷ ತಳ್ಳಿದರು. ನಡುವೆ ಪಾಡು ಪಟ್ಟವಳು ನಾನು. ನಮ್ಮ ಮನೆಯಲ್ಲಿ ಈರಪ್ಪನನ್ನು ಚಿಕ್ಕಪ್ಪ ಅನ್ನಬೇಕು, ಅವರ ಹೊಸ್ತಿಲು ದಾಟಿದ ಕೂಡಲೇ ದೊಡ್ಡಪ್ಪ ಅನ್ನಬೇಕು. ಇಲ್ಲದಿದ್ದರೆ ಕಜ್ಜಾಯ ಕೈಗೆ ಬರುತ್ತಿರಲಿಲ್ಲ.

ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ, ಎರಡು ಸಾವಿರದ ಹನ್ನೊಂದರಲ್ಲಿ, ಮನೆತನದ ಕೊನೆಯ ಹಿರಿಯರೂ ತೀರಿಕೊಂಡರು. ಮಹಾಲಯ ಅಮಾವಾಸ್ಯೆಯ ದಿನ ಸತ್ತ ಹಿರಿಯರಿಗೆ ಎಡೆ ಇಟ್ಟು ಮೊದಲ ಧೂಪ ಹಾಕುವುದು ಬದುಕಿರುವವರಲ್ಲಿ ಹಿರಿಯನ ಹಕ್ಕು. ನಾನು ಹಾಕುತ್ತೇನೆ ಅಂತ ಇಬ್ಬರೂ ಕೂತರು. ತೀರ್ಮಾನ ಆಗದಿದ್ದರೆ ಈ ವರ್ಷ ಎರಡು ಮನೆಗೆ ಎರಡು ಎಡೆ ಎಂದು ಹೆಂಗಸರು ಹೇಳಿಬಿಟ್ಟರು. ಎಡೆ ಎರಡಾದರೆ ಮನೆತನವೇ ಎರಡಾದ ಹಾಗೆ. ಅದು ಇಬ್ಬರಿಗೂ ಬೇಡ. ಆದರೆ ಸೋಲುವುದೂ ಬೇಡ.

ಅದೇ ಹೊತ್ತಿಗೆ ಹಿತ್ತಲಲ್ಲಿ ಪಿಜಿ ಕಟ್ಟಿಸಲು ಜೆಸಿಬಿ ಬಂದು ಪಾಯ ತೋಡಿ, ಮೂರು ಗುಡ್ಡೆ ಮಣ್ಣು ಹಾಕಿ ಹೋಯಿತು. ಆ ಮಣ್ಣು ನೋಡಿದ್ದೇ ಅಪ್ಪನಿಗೆ ಮಾಸಿನ ಕುಡಿಕೆ ನೆನಪಾಯಿತು. ನಮ್ಮಲ್ಲಿ ಮಗು ಹುಟ್ಟಿದಾಗ ಹಿಂದೆಯೇ ಬೀಳುವ ಮಾಸನ್ನು ಮಣ್ಣಿನ ಕುಡಿಕೆಯಲ್ಲಿಟ್ಟು, ಜೊತೆಗೆ ಚಲಾವಣೆಗೆ ಹೊಸದಾಗಿ ಬಂದ ಕಾಸೊಂದನ್ನು ಹಾಕಿ, ಹಿತ್ತಲಲ್ಲಿ ಹೂಳುತ್ತಿದ್ದರು. ಅಪ್ಪನಿಗಿಂತ ಮುಂಚೆ ಹುಟ್ಟಿದ ಎರಡು ಮಕ್ಕಳು ಉಳಿಯಲಿಲ್ಲ. ಅದಕ್ಕೆ ಮುತ್ತಜ್ಜಿ ಸಿದ್ದಮ್ಮ ಅವನ ಕುಡಿಕೆಗೆ ಮಾತ್ರ ಒಂದು ಕವಡೆಯನ್ನೂ ಹಾಕಿದ್ದಳು. ಈರಪ್ಪ ಹುಟ್ಟಿದ್ದು ಸ್ಕೂಲಲ್ಲಿ ಮೊದಲ ಗಣರಾಜ್ಯ ದಿನದ ಮಿಠಾಯಿ ಹಂಚಿದ ದಿನ, ಅದು ಊರಿಗೆಲ್ಲ ಗೊತ್ತು. ಕವಡೆಯ ಜೊತೆ ಇರುವುದು ಹಳೇ ತೂತು ಕಾಸಾದರೆ ಅಪ್ಪನೇ ಅಣ್ಣ ಅಂತ ಲೆಕ್ಕ. ಕುದುರೆ ಚಿತ್ರದ ಕಾಸಾದರೆ ಈರಪ್ಪ ಅಣ್ಣ, ಏಕೆಂದರೆ ಕುದುರೆ ಕಾಸು ಬಂದದ್ದೇ ಅವನು ಹುಟ್ಟಿದ ಮೇಲೆ. ಇಬ್ಬರೂ ಒಪ್ಪಿ ಕೈಗೆ ಕೈ ಹಾಕಿದರು.

ಮೊದಲ ದಿನ ಅಮ್ಮನ ರಾಗಿಹಿಟ್ಟಿನ ಜರಡಿಯೇ ಹಿತ್ತಲಿಗೆ ಹೋಯಿತು. ಅಮ್ಮ ಅಶ್ವತ್ಥಮ್ಮ ಅದನ್ನು ಕಿತ್ತುಕೊಂಡು, ಮುದ್ದೆ ಬೇಕೋ ಮಣ್ಣು ಬೇಕೋ ಎಂದು ಕೇಳಿದಳು. ಎರಡನೆಯದು ಹಳೇ ಮಂಚದ ಚೌಕಟ್ಟಿಗೆ ಕೋಳಿಗೂಡಿನ ಜಾಲರಿ ಬಡಿದದ್ದು. ಒಂದು ಕಡೆ ನಾನು, ಒಂದು ಕಡೆ ಅಪ್ಪ ಹಿಡಿದು ಅಲ್ಲಾಡಿಸಬೇಕು. ಆ ಜಾಲರಿಯ ಕಣ್ಣಲ್ಲಿ ಕಾಸೂ ಜಾರಿಹೋಗುತ್ತದೆ ಅನ್ನುವುದು ನಮಗೆ ಹೊಳೆದದ್ದು ಮೂರನೇ ದಿನ ಸಂಜೆ. ಅಷ್ಟೂ ಮಣ್ಣನ್ನು ಮತ್ತೆ ಮೊದಲಿಂದ ಜರಡಿ ಹಿಡಿಯಬೇಕಾಯಿತು. ಇವನೊಬ್ಬ ಲೇತ್ ಓಡಿಸಿದವನಂತೆ!

ಮೂರನೆಯದು ಎರಡಂತಸ್ತಿನ ಜರಡಿ. ಮೇಲೆ ಒರಟು ಜಾಲರಿ, ಕೆಳಗೆ ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿ. ಎರಡನ್ನೂ ಕಬ್ಬಿಣದ ಸ್ಟ್ಯಾಂಡಿಗೆ ಸೈಕಲ್ ಟ್ಯೂಬಿನಲ್ಲಿ ತೂಗುಹಾಕಿ, ಹಳೇ ಗ್ರೈಂಡರಿನ ಮೋಟಾರು ಕೂರಿಸಿ, ಅದರ ಶಾಫ್ಟಿನ ಒಂದೇ ಪಕ್ಕಕ್ಕೆ ದಪ್ಪ ನಟ್ಟು ಬಿಗಿದ. ಒಂದು ಪಕ್ಕ ಭಾರವಾದರೆ ಮೋಟಾರು ಕುಣಿಯುತ್ತದೆ, ಜರಡಿಯನ್ನೂ ಕುಣಿಸುತ್ತದೆ ಎಂದು ಪಾಠ ಮಾಡಿದ. ಸ್ವಿಚ್ಚು ಹಾಕಿದ್ದೇ ತಡ, ಸ್ಟ್ಯಾಂಡೂ ಸೇರಿ ಎಲ್ಲವೂ ಕುಣಿಯಿತು. ಇಡೀ ಯಂತ್ರ ವೈರು ಎಳೆದುಕೊಂಡು ಈರಪ್ಪನ ಕಡೆಗೇ ನಡೆದುಕೊಂಡು ಹೊರಟಿತು. ಮೋಸ ನಡೆಯಬಾರದೆಂದು ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದ ಅವನು ಪಂಚೆ ಎತ್ತಿಕೊಂಡು ಓಡಿದ. ನಾನು ನಕ್ಕು ನಕ್ಕು ಮಣ್ಣಿನ ಗುಡ್ಡೆ ಮೇಲೆಯೇ ಕುಸಿದೆ.

ಮಾರನೇ ದಿನ ಈರಪ್ಪನೇ ಪಾಯಕ್ಕೆ ತರಿಸಿದ್ದ ಸೈಜುಗಲ್ಲು ಹೊತ್ತು ತಂದು ಸ್ಟ್ಯಾಂಡಿನ ಕಾಲಿಗೆ ಒತ್ತಿಟ್ಟ. ಅಲ್ಲಿಂದ ಅವನು ಕುರ್ಚಿಗೆ ಹೋಗಲೇ ಇಲ್ಲ. ಸನಿಕೆ ಹಿಡಿದು ಮಣ್ಣು ಸುರಿಯುತ್ತ ನಿಂತ. ಗೋಲಿ, ಬಳಪ, ಬಳೆಚೂರು, ಎತ್ತಿನ ಕೊರಳ ಗೆಜ್ಜೆ ಒಂದೊಂದೇ ಮೇಲೆ ಬಂದವು. ಮದುವೆಯಾದ ವರ್ಷವೇ ಅಮ್ಮ ಕಳೆದುಕೊಂಡು ಬೈಸಿಕೊಂಡಿದ್ದ ಕಾಲುಂಗುರವೂ ಸಿಕ್ಕಿತು. ಅವತ್ತಿನಿಂದ ಹಿತ್ತಲಿಗೆ ಹೊತ್ತುಹೊತ್ತಿಗೆ ಕಾಫಿ ಬರತೊಡಗಿತು. ಒಂದು ನೀಲಿ ಗೋಲಿ ನಂದು ನಂದು ಎಂದು ಇಬ್ಬರು ಮುದುಕರೂ ಅರ್ಧ ಗಂಟೆ ಕಿತ್ತಾಡಿದರು. ಅಷ್ಟು ಖುಷಿಯಾಗಿದ್ದ ಅಪ್ಪನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ಸಂಜೆ, ಕೊನೆಯ ಗುಡ್ಡೆ. ಈರಪ್ಪ ಕೈಕಾಲು ತೊಳೆಯಲು ನಲ್ಲಿಗೆ ಹೋಗಿದ್ದ. ಕುಡಿಕೆಯ ಆಕಾರದಲ್ಲೇ ಇದ್ದ ಒಂದು ಹೆಂಟೆ ಮೇಲಿನ ಜಾಲರಿಯಲ್ಲಿ ಒಡೆದು ಕವಡೆ ಕಾಣಿಸಿತು. ಹಿಂದೆಯೇ ಕೆಳಗಿನ ಜಾಲರಿಗೆ ಕಾಸು ಬಿತ್ತು. ಅಪ್ಪ ಮೋಟಾರು ನಿಲ್ಲಿಸಿ ಅದನ್ನು ಬನೀನಿಗೆ ಉಜ್ಜಿ, ಹೆಬ್ಬೆರಳಲ್ಲಿ ಸವರಿ ನೋಡಿದ. ತೂತಿರಲಿಲ್ಲ. ಕುದುರೆ ಇತ್ತು.

ಮುಷ್ಟಿ ಮುಚ್ಚಿ ನಿಂತುಬಿಟ್ಟ. ನೋಡಿದವಳು ನಾನೊಬ್ಬಳೇ. ಸುಳ್ಳೇಕೆ ಹೇಳಲಿ, ಎಸೆದುಬಿಡಲಿ ಅಂತಲೇ ನನಗೆ ಅನ್ನಿಸಿತು. ಅರವತ್ತು ವರ್ಷ ಎತ್ತಿಕೊಂಡು ತಿರುಗಿದ ತಲೆಯನ್ನು ಅವನು ಬಗ್ಗಿಸುವುದು ನನಗೆ ಬೇಕಿರಲಿಲ್ಲ.

ಈರಪ್ಪ ಟವೆಲಿನಲ್ಲಿ ಮುಖ ಒರೆಸುತ್ತ ಬಂದ. “ಯಾಕ್ಲಾ ನಿಲ್ಲಿಸ್ಬುಟ್ಟೆ?”

ಅಪ್ಪ ಅಂಗೈ ಬಿಚ್ಚಿ ಚಾಚಿದ. “ಸಿಕ್ತು ಕಣಣ್ಣ.”

ಯಾರನ್ನು ಕರೆದನೋ ಎಂದು ಈರಪ್ಪ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಬಿಟ್ಟರೆ ಇನ್ನೇನೂ ಇರಲಿಲ್ಲ. ಆಮೇಲೆ ಕಾಸನ್ನು ನೋಡದೆ ಅಪ್ಪನ ಮುಖವನ್ನೇ ನೋಡುತ್ತ, “ಇನ್ನೊಂದ್ ಕಿತ ಅನ್ನು” ಅಂದ. ಅಪ್ಪ ಇನ್ನೊಂದು ಸಲ ‘ಅಣ್ಣ’ ಅಂದ. ಈರಪ್ಪ ಅದೇ ಟವೆಲನ್ನು ಮತ್ತೆ ಮುಖಕ್ಕೆ ಒತ್ತಿಕೊಂಡ.

ಮಾರನೇ ದಿನ ಒಂದೇ ಎಡೆ. ಎರಡೂ ಮನೆಯವರು ಸಾಲಾಗಿ ನಿಂತಿದ್ದೆವು. ಧೂಪ ಹಾಕಲು ಕೂತ ಈರಪ್ಪ ಕತ್ತೆತ್ತಿ, ಊರಿಗೆಲ್ಲ ಕೇಳುವ ಹಾಗೆ, “ಲೋ ತಮ್ಮ, ಕೆಂಡ ತತ್ತಾರೋ” ಎಂದು ಕೂಗಿದ. ಮನೆಯಲ್ಲಿ ಕುಡಿದ ಲೋಟವನ್ನೂ ಎತ್ತಿಡದ ನಮ್ಮಪ್ಪ ಅಡುಗೆಮನೆಗೆ ಓಡಿದ.